ಪೋಸ್ಟು ಹಾಕಿದ ಹಲ್ಲು ಯಾರದು

ಆಗ ನನಗೆ ಐವತ್ತೇಳು ವರ್ಷ. ಎಂಟು ವರ್ಷದ ಹಿಂದಿನ ಮಾತು. ಸೌದಿಯ ಹಫ್ರ್ ಅಲ್ ಬಾತಿನ್‌ನ ಒಂದು ಹಲ್ಲಿನ ಕ್ಲಿನಿಕ್ಕಿನಲ್ಲಿ ಡಾಕ್ಟರ ಪಕ್ಕ ನಿಂತು ಕೆಲಸ ಮಾಡುತ್ತಿದ್ದೆ. ಬಾಯಿಯ ನೀರು ಎಳೆಯುವ ಪೈಪು ಹಿಡಿಯುವುದು, ಸಿಮೆಂಟು ಕಲಸಿ ಕೊಡುವುದು, ಸಾಮಾನು ತೊಳೆದು ಬಿಸಿ ಪೆಟ್ಟಿಗೆಗೆ ಹಾಕುವುದು. ನಾನು ನರ್ಸ್ ಅಲ್ಲ. ಡಾಕ್ಟರು ಈಜಿಪ್ಟಿನವರು, ನನ್ನನ್ನು ಖಾಲಾ ಅನ್ನುತ್ತಿದ್ದರು, ಚಿಕ್ಕಮ್ಮ ಅಂದ ಹಾಗೆ. ನಮ್ಮ ಊರ ಕಡೆಯವರು ಬಂದರೆ ಅಕ್ಕ ಅನ್ನುತ್ತಿದ್ದರು.

ಆ ಮನುಷ್ಯ ಬಂದದ್ದು ಚಳಿಗಾಲದಲ್ಲಿ. ಮೇಲಿನ ಎದುರು ಹಲ್ಲು ಒಸಡಿನ ಹತ್ತಿರಕ್ಕೇ ಮುರಿದಿತ್ತು. ಟಯರ್ ಬಿಚ್ಚುವಾಗ ರಾಡು ಜಾರಿ ಬಾಯಿಗೆ ಬಡಿದದ್ದಂತೆ. ಇನ್ಶೂರೆನ್ಸ್ ಕಾರ್ಡಿನಲ್ಲಿ ನಮ್ಮ ಕಡೆಯ ಹಿಂದೂ ಹೆಸರು, ಕೆಲಸ ನೀರಿನ ಟ್ಯಾಂಕರ್ ಡ್ರೈವರ್. ಹೊರಗಿನ ಕೌಂಟರಿನವನು ಕಾರ್ಡಿನ ನಂಬರ್ ಹೊಡೆದುಕೊಂಡು ಒಳಗೆ ಬಿಡುತ್ತಾನೆ, ಮುಖ ನೋಡುವುದಿಲ್ಲ. ಎಲ್ಲಾ ಕ್ಲಿನಿಕ್ಕಿನಲ್ಲೂ ಹಾಗೇ.

ಹೆಸರು ಕರೆದೆ. ಏಳಲಿಲ್ಲ. ಮತ್ತೊಮ್ಮೆ ಕರೆದೆ. ಕೂತಿದ್ದವನು ಒಬ್ಬನೇ, ಆದರೂ ಏಳಲಿಲ್ಲ. ಹತ್ತಿರ ಹೋಗಿ ಭುಜ ತಟ್ಟಿದ ಮೇಲೆ ಎದ್ದ.

"ಕಿವಿಗೂ ರಾಡು ಬಡಿದಿದೆಯಾ ಮಾರಾಯ?" ಅಂದೆ ತುಳುವಿನಲ್ಲಿ.

ಅವನು ಗಾಬರಿಯಾಗಿ ನೋಡಿದ. ಆಮೇಲೆ ಮುರಿದ ಹಲ್ಲು ತೋರಿಸಿ ನಕ್ಕ. "ಅಯ್ಯೊ, ಇಲ್ಲಿ ನಮ್ಮವರು ಉಂಟಾ? ನಾನು ಸುರತ್ಕಲ್ ಹತ್ತಿರದವನು ಅಕ್ಕ."

"ಟ್ಯಾಂಕರ್ ಓಡಿಸುವವನಿಗೆ ಟಯರ್ ಬಿಚ್ಚಲಿಕ್ಕೆ ಬರುವುದಿಲ್ವಾ?"

"ಬರ್ತದೆ ಅಕ್ಕ. ರಾಡಿಗೆ ನನ್ನ ಮೇಲೆ ಸಿಟ್ಟು."

ಸೂಜಿ ಚುಚ್ಚುವಾಗ "ಬಿಸ್ಮಿಲ್ಲಾ" ಅಂದ. ಅಲ್ಲಿ ವರ್ಷಗಟ್ಟಲೆ ಇದ್ದರೆ ಹಿಂದೂಗಳ ಬಾಯಲ್ಲೂ ಅದು ಬರುತ್ತದೆ. ನಾನು ಗಮನ ಕೊಡಲಿಲ್ಲ.

ಮೊದಲು ಬೇರಿನ ಚಿಕಿತ್ಸೆ ಆಯಿತು. ಬೇರಿನೊಳಗಿನ ನರ ತೆಗೆದು, ಕೂದಲಿನಂತಹ ಕಡ್ಡಿಗಳಿಂದ ಉಜ್ಜಿ, ಬಟ್ಟೆಯ ಕಲೆ ತೆಗೆಯುವ ವಾಸನೆಯ ನೀರಿನಿಂದ ತೊಳೆದು, ರಬ್ಬರಿನಂತಹ ವಸ್ತು ತುಂಬಿಸಿ ಮುಚ್ಚುವುದು. ಇದಾದ ಮೇಲೆ ಹಲ್ಲಿಗೆ ನೋವು ಗೊತ್ತಾಗುವುದಿಲ್ಲ. ಬಾಯಲ್ಲಿ ಇರುತ್ತದೆ, ಸತ್ತಿರುತ್ತದೆ. ಕಷ್ಟ ಅದಲ್ಲ. ಮೇಲೆ ಕ್ಯಾಪ್ ಕೂರಿಸಬೇಕಾದರೆ ಕೆಳಗೆ ಏನಾದರೂ ಇರಬೇಕು, ಅವನಿಗೆ ಏನೂ ಉಳಿದಿರಲಿಲ್ಲ. ಅಂತಹ ಕಡೆ ಬೇರಿನೊಳಗೆ ಒಂದು ಕಡ್ಡಿ ಇಳಿಸುತ್ತಾರೆ. ಅದಕ್ಕೆ ಪೋಸ್ಟು ಅನ್ನುವುದು. ಹೊರಗೆ ಉಳಿದ ತುದಿಯ ಸುತ್ತ ಹಲ್ಲಿನ ಬೊಡ್ಡೆ ಕಟ್ಟಿ, ಅದರ ಮೇಲೆ ಕ್ಯಾಪ್. ಪೋಸ್ಟು ಹಾಕಿದರೆ ಹಲ್ಲು ಗಟ್ಟಿಯಾಗುತ್ತದೆ ಅಂತ ಜನ ತಿಳಿದುಕೊಳ್ಳುತ್ತಾರೆ. ಇಲ್ಲ. ಮೇಲಿನದಕ್ಕೆ ಹಿಡಿತ ಸಿಗುತ್ತದೆ, ಅಷ್ಟೇ. ಬೇರನ್ನು ಜಾಸ್ತಿ ಕೊರೆದರೆ ಅದೇ ಪೋಸ್ಟು ಬೇರನ್ನು ಸೀಳುತ್ತದೆ.

ಡಾಕ್ಟರು ಮೊದಲು ಹಾಕಿದ್ದು ಗಾಜಿನ ನೂಲಿನ ಬಿಳಿ ಪೋಸ್ಟು. ಬಿಸಿ ಮಾಡಿದ ಉಪಕರಣ ಇಳಿಸಿ ರಬ್ಬರ್ ಕರಗಿಸಿ ತೆಗೆದರು. ಸುಟ್ಟ ವಾಸನೆ ಬಂತು. ತುದಿಯಲ್ಲಿ ಅಕ್ಕಿಕಾಳಿನಷ್ಟು ರಬ್ಬರ್ ಬಿಡಬೇಕು, ಅದನ್ನೂ ತೆಗೆದರೆ ಬೇರಿನ ಬುಡದಿಂದ ಕೀವು ಮೇಲೆ ಬರುತ್ತದೆ. ಅಷ್ಟು ಬಿಟ್ಟು, ಒಳಗೆ ಗೋಂದು ಹಾಕಿ, ಪೋಸ್ಟು ಇಟ್ಟು ನೀಲಿ ಲೈಟು ಹಿಡಿದರು. ಒಸಡಿನಿಂದ ರಕ್ತ ಜಿನುಗುತ್ತಲೇ ಇತ್ತು. ನಾನು ಪೈಪು ಹಿಡಿದು ಎಳೆದೆ, ಅವರು ಹತ್ತಿ ಒತ್ತಿದರು, ಮತ್ತೆ ಜಿನುಗಿತು.

ಕೆಲವು ದಿನ ಬಿಟ್ಟು ಅವನು ಟಿಶ್ಯೂ ಪೇಪರಿನಲ್ಲಿ ಏನೋ ಸುತ್ತಿ ತಂದ.

"ಅಕ್ಕ, ನಿಮ್ಮ ಮೊಳೆ ಖುಬುಸ್ ರೊಟ್ಟಿಯಲ್ಲಿ ಸಿಕ್ಕಿತು. ನುಂಗಿಯೇ ಬಿಡ್ತಿದ್ದೆ."

ಬೊಡ್ಡೆಯ ಸಮೇತ ಪೋಸ್ಟು ಇಡಿಯಾಗಿ ಹೊರಗೆ ಬಂದಿತ್ತು. ಡಾಕ್ಟರು ಅದನ್ನು ಬೆಳಕಿಗೆ ಹಿಡಿದು ನೋಡಿದರು. ಗೋಂದಿನ ಮೇಲೆ ಕಂದು ಗೆರೆ. "ರಕ್ತ ಇಳಿದಿದೆ ಖಾಲಾ. ಒದ್ದೆಯಲ್ಲಿ ಇದು ಹಿಡಿಯುವುದಿಲ್ಲ. ಇವನ ಬೇರಿನ ತೂತೂ ಅಗಲ. ಪೋಸ್ಟು ಸಣ್ಣ, ಸುತ್ತ ಬರೀ ಗೋಂದು."

ಅವರು ಬಹಳ ಹೊತ್ತು ಎಕ್ಸ್‌ರೇ ನೋಡುತ್ತಾ ಕೂತರು. ಇನ್ನೊಂದು ದಾರಿ ಲೋಹದ ಪೋಸ್ಟು, ಅವನ ಬೇರಿನ ಅಳತೆಗೇ ಎರಕ ಹೊಯ್ದದ್ದು. ಅದು ಬಿಗಿಯಾಗಿ ಕೂರುತ್ತದೆ. ಆದರೆ ಪೆಟ್ಟು ಬಿದ್ದರೆ ಗಾಜಿನ ನೂಲು ಬಾಗುವ ಕಡೆ ಲೋಹ ಬಾಗುವುದಿಲ್ಲ, ಬೇರು ಸೀಳುತ್ತದೆ. ಆಮೇಲೆ ಕೀಳುವುದೇ.

"ಲೋಹ ಹಾಕುತ್ತೇನೆ," ಅಂದರು ಕಡೆಗೆ. "ಇದೂ ಹೋದರೆ ಬೇರೂ ಹೋಗುತ್ತದೆ. ಅವನಿಗೆ ಹೇಳಿಬಿಡು."

ಹೇಳಿದೆ. ಅವನು, "ಹಾಕಿ ಅಕ್ಕ. ಎದುರು ಹಲ್ಲು ಇಲ್ಲದೆ ಊರಿಗೆ ಹೋದರೆ ಉಮ್ಮ ನನ್ನ ಗುರುತು ಹಿಡಿಯಲಿಕ್ಕಿಲ್ಲ," ಅಂದ. ತಾಯಿಗೆ ಉಮ್ಮ ಅನ್ನುವವರು ನಮ್ಮ ಕಡೆಯ ಮುಸ್ಲಿಮರು, ಬ್ಯಾರಿಗಳು. ಹಿಂದೂ ಹೆಸರಿನವನ ಬಾಯಲ್ಲಿ ಆ ಮಾತು ನನ್ನ ಕಿವಿಗೆ ಬಿತ್ತು. ಕೈಯಲ್ಲಿ ಕೆಲಸ ಇತ್ತು, ಬಿಟ್ಟುಬಿಟ್ಟೆ.

ಡಾಕ್ಟರು ಒಸಡನ್ನು ಸ್ವಲ್ಪ ಕತ್ತರಿಸಿ, ಸುತ್ತ ಒಂದು ಬಳೆಯಂತೆ ಗಟ್ಟಿ ಹಲ್ಲು ಹೊರಗೆ ಕಾಣುವ ಹಾಗೆ ಮಾಡಿದರು. ಆ ಬಳೆ ಇಲ್ಲದಿದ್ದರೆ ಯಾವ ಪೋಸ್ಟೂ ನಿಲ್ಲುವುದಿಲ್ಲ. ಗಾಯ ಒಣಗಿದ ಮೇಲೆ ಅಚ್ಚು ತೆಗೆಯುವ ಕೆಲಸ. ಕೆಂಪು ಪುಡಿಯನ್ನು ಔಷಧದ ನೀರಿನಲ್ಲಿ ಅದ್ದಿ, ಪ್ಲಾಸ್ಟಿಕ್ ಕಡ್ಡಿಗೆ ಬ್ರಶ್ಶಿನಿಂದ ಮೆತ್ತಿ, ಬೇರಿನೊಳಗೆ ಇಳಿಸಬೇಕು. ಗಟ್ಟಿಯಾಗುವುದಕ್ಕೆ ಮೊದಲು ಸ್ವಲ್ಪ ಎಳೆದು, ಮತ್ತೆ ಇಳಿಸಿ, ಮತ್ತೆ ಎಳೆದು ಮಾಡುತ್ತಿರಬೇಕು. ಮರೆತರೆ ಅಲ್ಲೇ ಕೂತುಬಿಡುತ್ತದೆ. ಅಚ್ಚು ಸರಿಯಾಗಿ ಹೊರಗೆ ಬಂದಾಗ ಡಾಕ್ಟರು ಅದನ್ನು ನನ್ನ ಕೈಗೆ ಕೊಟ್ಟರು. ಬೆರಳಿನ ಉಗುರಿಗಿಂತ ಸ್ವಲ್ಪ ಉದ್ದ, ತುದಿಯ ಹತ್ತಿರ ಎಡಕ್ಕೆ ಒಂದು ಸಣ್ಣ ಬಾಗು. ಆ ಮನುಷ್ಯನ ನರ ಇದ್ದ ಜಾಗ ಅದು. ಒಳಗಿನ ಖಾಲಿ ಜಾಗ ಕೆಂಪಗೆ ಆಕಾರ ಹಿಡಿದು ನನ್ನ ಅಂಗೈಯಲ್ಲಿ ಕೂತಿತ್ತು. ಅವನು ಬಾಯಿ ತೆರೆದುಕೊಂಡು ನನ್ನನ್ನೇ ನೋಡುತ್ತಿದ್ದ. ನನಗೆ ಒಂಥರಾ ಆಯಿತು. ಬೇಗ ಡಬ್ಬಿಗೆ ಹಾಕಿದೆ.

ದಮ್ಮಾಮಿನ ಲ್ಯಾಬಿನಿಂದ ಅದು ಲೋಹವಾಗಿ ಬಂತು. ಇಳಿಸಿದರೆ ಅರ್ಧಕ್ಕೆ ನಿಂತಿತು. ಲೋಹದ ಪೋಸ್ಟನ್ನು ಒತ್ತಬಾರದು, ತಾನಾಗಿ ಜಾರಿ ಕೂರಬೇಕು. ಡಾಕ್ಟರು ಅದಕ್ಕೆ ಬಣ್ಣ ಬಳಿದು ಇಳಿಸಿ, ತೆಗೆದು, ಎಲ್ಲಿ ಉಜ್ಜುತ್ತದೆ ಅಂತ ಹುಡುಕಿದರು. ಎರಕದಲ್ಲಿ ಸಾಸಿವೆಗಿಂತ ಸಣ್ಣ ಗುಳ್ಳೆಯೊಂದು ಉಳಿದಿತ್ತು. ಅದನ್ನು ಅರೆದ ಮೇಲೆ ಪೋಸ್ಟು ಕೈ ಬಿಟ್ಟ ಹಾಗೆ ಒಳಗೆ ಹೋಯಿತು. ಕಾಗದದ ಕಡ್ಡಿಗಳಿಂದ ಬೇರನ್ನು ಒಣಗಿಸಿದರು. ನಾನು ಸಿಮೆಂಟು ಕಲಸಿದೆ. ಗಟ್ಟಿಯಾಗುವವರೆಗೆ ಅವರು ಹೆಬ್ಬೆರಳು ತೆಗೆಯಲಿಲ್ಲ.

ಕ್ಯಾಪ್ ಕೂರಿಸಿದ ದಿನ ಅವನು ಕನ್ನಡಿ ನೋಡಿದ. ನಗಲಿಲ್ಲ. ನಾಲಗೆಯಿಂದ ಮುಟ್ಟಿ ಮುಟ್ಟಿ ನೋಡಿದ.

"ಅಕ್ಕ, ಬೇರೆಯವನ ಹಲ್ಲು ನನ್ನ ಬಾಯಲ್ಲಿ ಇಟ್ಟ ಹಾಗೆ ಉಂಟು."

"ಒಂದು ವಾರ ಹಾಗೇ. ಆಮೇಲೆ ನಿನ್ನದೇ ಆಗ್ತದೆ."

"ನನ್ನದು ಆಗ್ಲಿಕ್ಕಿಲ್ಲ," ಅಂದ. ಏನೋ ತಮಾಷೆ ಅಂದುಕೊಂಡೆ. ಕಡೆಯ ಎಕ್ಸ್‌ರೇ ತೆಗೆದೆವು. ಬೂದು ಬೇರಿನೊಳಗೆ ಬಿಳಿ ಮೊಳೆ, ತುದಿಯಲ್ಲಿ ಎಡಕ್ಕೆ ಬಾಗು, ಅದರ ಮೇಲೆ ಅಕ್ಕಿಕಾಳಿನ ಗುರುತು. ಅವನು ಹೋದ. ಮತ್ತೆ ಬರಲಿಲ್ಲ.

ಚಳಿ ಹೋಗಿ ಬೇಸಿಗೆಯ ಬಿಸಿಲು ಏರಿದ ಮೇಲೆ ಸುದ್ದಿ ಬಂತು. ಊರ ಹೊರಗೆ ದೊಡ್ಡ ರಸ್ತೆಯಲ್ಲಿ ನಿಂತಿದ್ದ ಡೀಸೆಲ್ ತುಂಬಿದ ಲಾರಿಗೆ ನೀರಿನ ಟ್ಯಾಂಕರ್ ಗುದ್ದಿದೆ. ಲಾರಿಯವನು ನಮಾಜಿಗೆ ಇಳಿದಿದ್ದ, ಉಳಿದ. ಟ್ಯಾಂಕರಿನಲ್ಲಿದ್ದವನು ಒಳಗೇ ಸುಟ್ಟುಹೋದ. ನೋಡಿ ಬಂದ ಒಬ್ಬ ಪೇಶೆಂಟ್ ಹೇಳಿದ, ಹಿಂದೆ ಟ್ಯಾಂಕು ತುಂಬಾ ನೀರು, ಮುಂದೆ ಮನುಷ್ಯ ಕರಕಲು. ಆ ನೀರು ಒಂದು ಹನಿ ಹೊರಗೆ ಬಂದಿರಲಿಲ್ಲವಂತೆ.

ಗಾಡಿ ಯಾರದು ಅಂತ ಕಫೀಲನಿಂದ ಗೊತ್ತಾಯಿತು, ಅಂದರೆ ಆ ಡ್ರೈವರನನ್ನು ಕೆಲಸಕ್ಕೆ ತರಿಸಿದ ಸೌದಿಯವನಿಂದ. ಡ್ರೈವರನ ಹೆಸರು ಅವನೇ ಕೊಟ್ಟ. ಆದರೆ ಮುಖ ಇಲ್ಲ, ಬೆರಳು ಇಲ್ಲ. ಇನ್ಶೂರೆನ್ಸಿನಲ್ಲಿ ಹುಡುಕಿದಾಗ ನಮ್ಮ ಕ್ಲಿನಿಕ್ಕಿನಲ್ಲಿ ಹಲ್ಲು ಮಾಡಿಸಿದ್ದು ಸಿಕ್ಕಿತು. ಸರ್ಕಾರಿ ಆಸ್ಪತ್ರೆಯಿಂದ ಒಬ್ಬರು ದವಡೆಯ ಎಕ್ಸ್‌ರೇ ಹಿಡಿದುಕೊಂಡು ಬಂದರು.

ಡಾಕ್ಟರು ಎರಡನ್ನೂ ಕಂಪ್ಯೂಟರಿನಲ್ಲಿ ಪಕ್ಕಪಕ್ಕ ಹಾಕಿದರು. ಎಡಗಡೆ ನಮ್ಮದು, ಬಲಗಡೆ ಅವರದು. ಅವರದರಲ್ಲಿ ಕ್ಯಾಪಿನ ಪಿಂಗಾಣಿ ಸಿಡಿದು ಹೋಗಿತ್ತು, ಸುತ್ತಮುತ್ತ ಬಿರುಕು. ನಡುವೆ ಬಿಳಿ ಮೊಳೆ ಹಾಗೇ ನಿಂತಿತ್ತು. ಎಡಕ್ಕೆ ಬಾಗು.

"ಖಾಲಾ, ಬಾ ನೋಡು. ನಮ್ಮ ಕೆಲಸ," ಅಂದರು ಡಾಕ್ಟರು. ಅವರ ಧ್ವನಿ ಇಳಿದಿತ್ತು. "ಗಾಜಿನ ನೂಲಿನದಾಗಿದ್ದರೆ ಸುಟ್ಟುಹೋಗುತ್ತಿತ್ತು. ಇವನ ಹೆಸರು ಯಾರಿಗೂ ಖಚಿತವಾಗುತ್ತಿರಲಿಲ್ಲ."

ನನ್ನ ಅಂಗೈಯಲ್ಲಿ ಕೂತಿದ್ದ ಆಕಾರ ಅದು. ನಾನು ತಲೆ ಆಡಿಸಿದೆ. ಡಾಕ್ಟರು ಸಹಿ ಹಾಕಿದರು. ತಪ್ಪೇನೂ ಇರಲಿಲ್ಲ. ಆ ಹಲ್ಲು ಈ ಹಲ್ಲೇ.

ದೇಹ ಊರಿಗೆ ಕಳಿಸುವ ಕಾಗದ ಅಲ್ಲಿ ಬೇಗ ಆಗುವುದಿಲ್ಲ. ನಮ್ಮ ಕಡೆಯ ನಾಲ್ಕು ಜನ ಓಡಾಡಿದರು. ಕಡೆಗೆ ದಮ್ಮಾಮಿನಿಂದ ವಿಮಾನ ಗೊತ್ತಾಯಿತು. ಡ್ರೈವರನ ಹೆಂಡತಿ, ಮಕ್ಕಳು ಉಡುಪಿ ಹತ್ತಿರ ಇದ್ದಾರೆ, ಅಲ್ಲಿ ಸುಡುವ ಏರ್ಪಾಡು ಮಾಡಿದ್ದಾರೆ ಅಂತ ತರಕಾರಿ ಅಂಗಡಿಯಲ್ಲಿ ಕೇಳಿದೆ. ಉಡುಪಿಯಾ? ಅವನು ಸುರತ್ಕಲ್ ಅಂದಿದ್ದ. ಹೆಂಡತಿಯ ಊರು ಇರಬಹುದು ಅಂತ ಮನೆಗೆ ಬಂದೆ.

ವಿಮಾನಕ್ಕೆ ಇನ್ನು ಎರಡು ದಿನ ಇರುವಾಗ ಇದು ನಡೆದದ್ದು. ಅಲ್ಲಿ ಕ್ಲಿನಿಕ್ಕುಗಳು ಮಧ್ಯಾಹ್ನ ಮುಚ್ಚಿ ಸಂಜೆ ತೆರೆಯುತ್ತವೆ. ಡಾಕ್ಟರು, ಕೌಂಟರಿನವನು ಊಟಕ್ಕೆ ಹೋಗಿದ್ದರು. ನಾನು ಹಿಂದೆ ಸಾಮಾನು ತೊಳೆಯುತ್ತಿದ್ದೆ. ಹೊರಗೆ ಮರಳುಗಾಳಿ ಎದ್ದು ಗಾಜಿನ ಬಾಗಿಲು ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ರಸ್ತೆಯಲ್ಲಿ ಒಂದು ಗಾಡಿಯ ಸದ್ದೂ ಇಲ್ಲ. ನೀರು ನಿಲ್ಲಿಸಿದಾಗ ಮುಂದಿನ ಕೋಣೆಯಲ್ಲಿ ಕುರ್ಚಿ ಕಿರುಗುಟ್ಟಿತು.

ಹೋಗಿ ನೋಡಿದರೆ ಒಬ್ಬ ಕೂತಿದ್ದಾನೆ. ತಲೆಗೂ ಮುಖಕ್ಕೂ ಕೆಂಪು ಚೌಕಳಿ ಬಟ್ಟೆ ಸುತ್ತಿಕೊಂಡಿದ್ದಾನೆ, ಕಣ್ಣು ಮಾತ್ರ ಕಾಣುತ್ತದೆ. ಮೈಮೇಲೆಲ್ಲ ಧೂಳು. ಕುರಿಹಟ್ಟಿಯ ವಾಸನೆ.

"ಬಂದ್ ಇದೆ. ಸಂಜೆ ಬಾ," ಅಂದೆ ಹಿಂದಿಯಲ್ಲಿ.

ಅಲುಗಲಿಲ್ಲ.

"ಹೆಸರು ಎಂತ?" ತುಳುವಿನಲ್ಲಿ ಯಾಕೆ ಕೇಳಿದೆನೋ ಗೊತ್ತಿಲ್ಲ.

ಹೆಸರು ಹೇಳಿದ. ಸುಟ್ಟುಹೋದವನ ಹೆಸರು. ತಂದೆಯ ಹೆಸರನ್ನೂ ಸೇರಿಸಿ ಹೇಳಿದ.

ದೆವ್ವಕ್ಕೆ ಹೆದರುವ ಪೈಕಿಯವಳಲ್ಲ ನಾನು. ಆದರೂ ಕೈಯಲ್ಲಿದ್ದ ಟ್ರೇ ಕೆಳಗೆ ಇಟ್ಟೆ. ಅದೇ ಹೆಸರನ್ನು ನಾನು ಮತ್ತೊಮ್ಮೆ ಕರೆದೆ, ಪೇಶೆಂಟನ್ನು ಕರೆಯುವ ಹಾಗೆ. ಅವನು ತಟ್ಟನೆ ಎದ್ದು ನಿಂತ.

"ಒಳಗೆ ಬಾ," ಅಂದೆ.

ಬಂದು ಕುರ್ಚಿಯಲ್ಲಿ ಮಲಗಿದ. ಮೇಲಿನ ಲೈಟು ಹಾಕಿದೆ. "ಬಾಯಿ ತೆರೆ." ಬಟ್ಟೆ ಸರಿಸಿ ಬಾಯಿ ತೆರೆದ. ನನಗೆ ಅಭ್ಯಾಸ, ಮುಖಕ್ಕಿಂತ ಮೊದಲು ಬಾಯಿ ನೋಡುವುದು. ಮೇಲಿನ ಎದುರು ಹಲ್ಲು ನೋಡಿದೆ.

ಇಡೀ ಹಲ್ಲು. ಕ್ಯಾಪ್ ಅಲ್ಲ. ಅಂಚಿನಲ್ಲಿ ಬೀಡಿಯ ಕಲೆ, ಸ್ವಲ್ಪ ಸವೆತ. ಚಿಕ್ಕ ಟಾರ್ಚು ತೆಗೆದು ಹಲ್ಲಿನ ಹಿಂದೆ ಹಿಡಿದೆ. ಒಳಗೆ ಲೋಹ ಇದ್ದರೆ ಕಪ್ಪಗೆ ಕಾಣಬೇಕು. ಅದು ಮಗುವಿನ ಕಿವಿಯ ಹಿಂದೆ ಬೆಳಕು ಹಿಡಿದ ಹಾಗೆ ತಿಳಿಗೆಂಪಾಗಿ ಹೊಳೆಯಿತು. ನಾವು ನರ ತೆಗೆದು ಸಾಯಿಸಿದ ಹಲ್ಲು, ಬುಡದವರೆಗೆ ಇಲ್ಲದೆ ಹೋಗಿದ್ದ ಹಲ್ಲು, ಬೆಂಕಿಯಲ್ಲಿ ಬೆಂದ ಹಲ್ಲು, ಅಲ್ಲಿ ಜೀವಂತ ಇತ್ತು. ಹೊರಗೆ ಗಾಳಿ ಬಾಗಿಲನ್ನು ಒಂದೇ ಸಮ ಉಜ್ಜುತ್ತಿತ್ತು. ಹಲ್ಲು ಮತ್ತೆ ಹುಟ್ಟಿದೆ ಅಂತ ಅಷ್ಟು ಹೊತ್ತು ನಾನು ನಂಬಿದೆ. ನಗುವವರು ನಗಲಿ.

ಆಮೇಲೆ ಮುಖ ನೋಡಿದೆ. ಅದೇ ಥರದ ಗಡ್ಡ, ಅದೇ ಪ್ರಾಯ. ಆದರೆ ಇವನನ್ನು ನಾನು ನೋಡಿಯೇ ಇರಲಿಲ್ಲ.

"ನಾನು ಸತ್ತಿಲ್ಲ ಅಕ್ಕ," ಅಂದ.

"ಅದು ಕಾಣ್ತದೆ. ಯಾರು ಸತ್ತದ್ದು?"

ಅವನು ಅಳಲಿಕ್ಕೆ ಶುರುಮಾಡಿದ. ನಾನು ನೀರು ಕೊಟ್ಟು, "ಅತ್ತದ್ದು ಸಾಕು, ಮಾತಾಡು," ಅಂದೆ.

ಅವನು ಹೇಳಿದ್ದು ಇಷ್ಟು. ಕಾರ್ಡು ಇವನದು. ಹಲ್ಲು ಮುರಿದವನು ಇವನ ರೂಮಿನವನು, ಬ್ಯಾರಿ ಹುಡುಗ. ಕಫೀಲನ ಹತ್ತಿರ ಜಗಳವಾಗಿ ಕೆಲಸ ಬಿಟ್ಟು ಬಂದವನು. ಓಡಿಹೋಗಿದ್ದಾನೆ ಅಂತ ಕಫೀಲ ದೂರು ಕೊಟ್ಟದ್ದರಿಂದ ಇಕಾಮಾ, ಅಂದರೆ ಅಲ್ಲಿ ಇರುವ ಪರವಾನಗಿ, ಇಲ್ಲ, ಇನ್ಶೂರೆನ್ಸೂ ಇಲ್ಲ. ಹಲ್ಲು ಮುರಿದಾಗ ಇವನು ತನ್ನ ಕಾರ್ಡು ಕೊಟ್ಟು ಕಳಿಸಿದ. ಅಲ್ಲಿ ಒಂದು ರೂಮಿನಲ್ಲಿ ಇರುವವರು ಎಣ್ಣೆ, ಈರುಳ್ಳಿ ಕೊಟ್ಟುಕೊಂಡ ಹಾಗೆ ಕಾರ್ಡೂ ಕೊಟ್ಟುಕೊಳ್ಳುತ್ತಾರೆ. ಆ ದಿನ ಇವನಿಗೆ ಸೊಂಟ ಹಿಡಿದಿತ್ತು. "ನೀನು ಮಲಗು, ಒಂದು ಟ್ರಿಪ್ಪು ನಾನು ಹೋಗಿ ಬರ್ತೇನೆ" ಅಂತ ಅವನು ಟ್ಯಾಂಕರಿನ ಬೀಗದ ಕೈ ತೆಗೆದುಕೊಂಡು ಹೋದ.

"ಸುದ್ದಿ ಕೇಳಿ ನಾನು ಓಡಿದೆ ಅಕ್ಕ. ಕುರಿಹಟ್ಟಿಯಲ್ಲಿ ಒಬ್ಬ ಸುಡಾನಿಯ ಹತ್ತಿರ ಇದ್ದೇನೆ. ಮೊನ್ನೆ ಅವನ ಫೋನಿನಲ್ಲಿ ಫೇಸ್‌ಬುಕ್ಕಿನ ನಮ್ಮವರ ಗ್ರೂಪು ನೋಡಿದೆ. ನನ್ನ ಫೋಟೊಕ್ಕೆ ಮಾಲೆ ಹಾಕಿದ್ದಾರೆ."

"ಹೆಂಡತಿಗೆ ಫೋನ್ ಮಾಡಿದೆಯಾ?"

"ಎಂತ ಅಂತ ಮಾಡುವುದು? ಮಾಡಿದ್ರೆ ಹೆದರಿ ಸತ್ತಾಳು."

"ಮಾಡದಿದ್ದರೆ ಬಳೆ ತೆಗೆದಾಳು. ತೆಗೆದೂ ಆಯಿತೋ ಏನೋ. ಇಲ್ಲಿಗೆ ಯಾಕೆ ಬಂದೆ?"

ಅವನು ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡ. "ಅವನು ಗಾಡಿಯಿಂದ ಹಾರಿ ತಪ್ಪಿಸಿಕೊಂಡಿರಬಹುದಲ್ವಾ? ನನ್ನ ಹಾಗೆ ಎಲ್ಲಾದರೂ ಅಡಗಿರಬಹುದಲ್ವಾ? ಗಾಡಿಯಲ್ಲಿ ಇನ್ನೊಬ್ಬ ಯಾರಾದರೂ ಇದ್ದಿರಬಹುದು. ದಾರಿಯಲ್ಲಿ ಹತ್ತಿಸಿಕೊಳ್ಳುತ್ತಾರೆ. ನಿಮಗೆ ಗೊತ್ತುಂಟಾ ಅಕ್ಕ? ನೀವು ಹಲ್ಲು ನೋಡಿದವರು."

"ಅವನೇ," ಅಂದೆ. "ಆ ಪೋಸ್ಟು ಇನ್ನೊಬ್ಬರ ಬಾಯಿಗೆ ಇಳಿಯುವುದಿಲ್ಲ. ಅವನೇ ಸತ್ತದ್ದು."

ಅವನು ಮುಖ ಮುಚ್ಚಿಕೊಂಡ.

"ಈಗ ಕೇಳು," ಅಂದೆ. "ನಾಡಿದ್ದು ಅವನನ್ನು ನಿನ್ನ ಹೆಸರಿನಲ್ಲಿ ವಿಮಾನಕ್ಕೆ ಹಾಕ್ತಾರೆ. ನಿನ್ನ ಮನೆಯವರು ಸುಡ್ತಾರೆ. ಒಮ್ಮೆ ಸುಟ್ಟವನನ್ನು ಮತ್ತೊಮ್ಮೆ. ಅವರ ಪೈಕಿ ಮಣ್ಣು ಮಾಡುವುದು. ಅವನ ತಾಯಿ ಅಲ್ಲಿ ಮಗ ಫೋನ್ ಮಾಡ್ತಾನೆ ಅಂತ ಕಾಯ್ತಾಳೆ. ಎಷ್ಟು ವರ್ಷ ಕಾಯಬೇಕು?"

"ಹೇಳಿದ್ರೆ ನನ್ನನ್ನು ಒಳಗೆ ಹಾಕ್ತಾರೆ. ಕಾರ್ಡು ಕೊಟ್ಟದ್ದಕ್ಕೆ ಒಂದು, ಇಕಾಮಾ ಇಲ್ಲದವನಿಗೆ ಗಾಡಿ ಕೊಟ್ಟದ್ದಕ್ಕೆ ಇನ್ನೊಂದು."

"ಹಾಕ್ಲಿ."

"ಅಕ್ಕ!"

"ಜೈಲಿಗೆ ಬಾಗಿಲು ಉಂಟು ಮಾರಾಯ, ಒಂದು ದಿನ ತೆರೀತಾರೆ. ನೀನು ಈಗ ಇರುವ ಕಡೆಗೆ ಬಾಗಿಲೇ ಇಲ್ಲ. ಸತ್ತವನಿಗೆ ಇಕಾಮಾ ಯಾರು ಕೊಡ್ತಾರೆ? ಊರಿಗೆ ಯಾವ ಪಾಸ್‌ಪೋರ್ಟಿನಲ್ಲಿ ಹೋಗ್ತಿ?"

ಮರಳು ಬಾಗಿಲಿನ ಸಂದಿಯಿಂದ ಒಳಗೆ ಬಂದು ನೆಲದ ಮೇಲೆ ಗೆರೆ ಎಳೆದಿತ್ತು. ಅವನ ಕಾಲಿನ ಗುರುತು ಅದರ ಮೇಲೆ ಒಂದೇ ಕಡೆಗೆ ಇತ್ತು, ಒಳಗೆ ಬಂದದ್ದು ಮಾತ್ರ.

"ನಾಳೆ ಬೆಳಿಗ್ಗೆ ಕ್ಲಿನಿಕ್ ತೆರೆಯುವ ಹೊತ್ತಿಗೆ ಬಾ," ಅಂದೆ. "ಡಾಕ್ಟರು ನಿನ್ನ ಎಕ್ಸ್‌ರೇ ತೆಗೆಯಲಿ. ನೀನು ಬಾರದಿದ್ದರೆ ನಾನೇ ಅವರಿಗೆ ಹೇಳ್ತೇನೆ. ಆದರೆ ನನ್ನ ಬಾಯಿಮಾತಿಗೆ ವಿಮಾನ ನಿಲ್ಲಿಸುವುದಿಲ್ಲ. ನಿಲ್ಲಿಸಬೇಕಾದರೆ ನಿನ್ನ ಬಾಯಿ ಬೇಕು."

ಅವನು ಬಟ್ಟೆ ಸುತ್ತಿಕೊಂಡು ಹೋದ. ಬರುತ್ತೇನೆ ಅಂತಲೂ ಹೇಳಲಿಲ್ಲ, ಬರುವುದಿಲ್ಲ ಅಂತಲೂ ಹೇಳಲಿಲ್ಲ.

ಸಂಜೆ ಡಾಕ್ಟರ ಪಕ್ಕ ನಿಂತು ಎಂದಿನ ಹಾಗೆ ಕೆಲಸ ಮಾಡಿದೆ. ಹೇಳಲಿಲ್ಲ. ಅವನಿಗೆ ಒಂದು ರಾತ್ರಿ ಕೊಟ್ಟಿದ್ದೆ. ತಾನಾಗಿ ಬಂದರೆ ಶಿಕ್ಷೆ ಕಡಿಮೆ ಮಾಡುತ್ತಾರೆ, ಹಿಡಿದು ತಂದರೆ ಮಾಡುವುದಿಲ್ಲ. ಬೇರೆಯವನ ಕಾರ್ಡಿನಲ್ಲಿ ಹಲ್ಲು ಮಾಡಿದ್ದಕ್ಕೆ ಕ್ಲಿನಿಕ್ಕಿಗೆ ಬೀಗ ಬಿದ್ದರೆ ನನ್ನ ಇಕಾಮಾವೂ ಹೋಗುತ್ತದೆ ಅನ್ನುವುದು ತಲೆಯಲ್ಲಿ ಇತ್ತು. ಬೇರೆ ಯಾರೋ ಒಬ್ಬರ ಬೇರಿಗೆ ಪೋಸ್ಟು ಇಳಿಸುವಾಗ ಡಾಕ್ಟರು ನನ್ನ ಕಡೆ ಕೈ ಚಾಚಿದರು. ಸಿಮೆಂಟು ಕಲಸಿಯೇ ಇರಲಿಲ್ಲ ನಾನು.

"ಖಾಲಾ, ಎಲ್ಲಿದ್ದೀ?"

"ಇಲ್ಲೇ ಇದ್ದೇನೆ," ಅಂದು ಕಲಸಿದೆ.

ಮರುದಿನ ಬೆಳಿಗ್ಗೆ ಬೇಗ ಹೋದೆ. ಗಾಳಿ ನಿಂತಿತ್ತು. ಕ್ಲಿನಿಕ್ಕಿನ ಮೆಟ್ಟಿಲ ಮೇಲೆ ಅವನು ಕೂತಿದ್ದ. ಮುಖಕ್ಕೆ ಬಟ್ಟೆ ಇರಲಿಲ್ಲ. ನಾನು ಬೀಗ ತೆಗೆದು, ಅವನನ್ನು ಕುರ್ಚಿಯಲ್ಲಿ ಕೂರಿಸಿ, ಕೊರಳಿಗೆ ಪ್ಲಾಸ್ಟಿಕ್ ಬಟ್ಟೆ ಕಟ್ಟಿದೆ. ಡಾಕ್ಟರು ಚಹಾ ಹಿಡಿದುಕೊಂಡು ಒಳಗೆ ಬಂದರು.

"ಇಷ್ಟು ಬೇಗ ಯಾರು ಖಾಲಾ?"

"ನೀವು ಸತ್ತಿದ್ದಾನೆ ಅಂತ ಸಹಿ ಹಾಕಿದ್ದು ಇವನಿಗೆ," ಅಂದೆ. "ಬಾಯಿ ನೋಡಿ."

ಅವರು ನಕ್ಕರು. ಆಮೇಲೆ ನನ್ನ ಮುಖ ನೋಡಿ ಚಹಾ ಕೆಳಗೆ ಇಟ್ಟರು. ಬಾಯಿ ನೋಡಿದರು. ಎಕ್ಸ್‌ರೇ ತೆಗೆದರು. ಬೇರು ನೆಟ್ಟಗೆ ಇತ್ತು, ಒಳಗೆ ನರದ ಸಣ್ಣ ಗೆರೆ ತುದಿಯವರೆಗೆ ಹೋಗಿತ್ತು, ಯಾರೂ ಮುಟ್ಟಿರಲಿಲ್ಲ. ನಾನು ವಿಷಯ ಹೇಳಿ ಮುಗಿಸುವವರೆಗೆ ಡಾಕ್ಟರು ಸ್ಟೂಲಿನ ಮೇಲೆ ಅಲುಗದೆ ಕೂತಿದ್ದರು. ನನಗೆ ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. ಗ್ಲೌಸು ತೆಗೆದು ಆಸ್ಪತ್ರೆಗೆ ತಾವೇ ಫೋನ್ ಮಾಡಿದರು. "ಆ ದೇಹವನ್ನು ಕಳಿಸಬೇಡಿ. ಹಲ್ಲು ಸರಿ, ಹೆಸರು ತಪ್ಪು. ಕ್ಲಿನಿಕ್ಕಿನ ಕಡೆಯಿಂದ ಆದ ತಪ್ಪು. ಹೌದು, ಬರೆದು ಕೊಡುತ್ತೇನೆ." ಪೊಲೀಸರು ಬರುತ್ತಾರೆ ಅಂತ ನಮಗೆ ಹೇಳಿ ಹೊರಗಿನ ಬಾಗಿಲ ಹತ್ತಿರ ಹೋಗಿ ನಿಂತರು.

ನಾನು ನನ್ನ ಫೋನು ಅವನಿಗೆ ಕೊಟ್ಟೆ. ಮೊದಲು ಹೆಂಡತಿಗೆ ಮಾಡಿದ. ಅವಳು ಕಿರುಚಿದ್ದು ನನಗೂ ಕೇಳಿಸಿತು. ಆಮೇಲೆ ಬಯ್ದಳು. ಅದು ಮುಗಿದ ಮೇಲೆ ಅವನು ಇನ್ನೊಂದು ನಂಬರ್ ಒತ್ತಿದ, ಒತ್ತಿ ನನ್ನ ಕಡೆ ಚಾಚಿದ. "ಇದು ಅವನ ಉಮ್ಮನದು. ನನ್ನಿಂದ ಆಗುವುದಿಲ್ಲ ಅಕ್ಕ."

"ಕೊಡು ಇಲ್ಲಿ," ಅಂದೆ.

ಹೆಂಗಸೊಬ್ಬಳು ಎತ್ತಿದಳು. ನನ್ನಷ್ಟೇ ಪ್ರಾಯದ ಧ್ವನಿ. ನಾನು ಹಫ್ರಿನ ಕ್ಲಿನಿಕ್ಕಿನಿಂದ ಅಂದೆ, ತುಳುವಿನಲ್ಲಿ.

"ಓ, ನೀವಾ?" ಅಂದರು. "ಮಗ ಹೇಳಿದ್ದ. ಅಲ್ಲಿ ನಮ್ಮ ಕಡೆಯ ಒಬ್ಬರು ಉಂಟು, ತುಂಬ ಬೈತಾರೆ, ಆದರೆ ಕೈ ಹಗುರ ಅಂತ. ಅವನ ಫೋನು ಹಾಳಾಗಿದೆಯಾ ಎಂತದು? ಹತ್ತಿರ ಇದ್ದಾನಾ? ಕೊಡಿ ಅವನಿಗೆ."

"ನಿಮ್ಮ ಹತ್ತಿರ ಮನೆಯಲ್ಲಿ ಯಾರಿದ್ದಾರೆ?" ಕೇಳಿದೆ.

"ಸೊಸೆ ಇದ್ದಾಳೆ. ಎಂತಕ್ಕೆ?"

"ಅವಳನ್ನು ಕರೆಯಿರಿ."

ಕರೆದದ್ದು ಕೇಳಿಸಿತು. ಯಾರೋ ಚಪ್ಪಲಿ ಎಳೆದುಕೊಂಡು ಬಂದದ್ದೂ ಕೇಳಿಸಿತು.

"ಬಂದಳು," ಅಂದರು. ಈಗ ಧ್ವನಿ ಸಣ್ಣದಾಗಿತ್ತು.

"ಕೂತುಕೊಳ್ಳಿ," ಅಂದೆ.

"ಕೂತೆ."

ಹೇಳಿದೆ.